ವಿಲಾಯಿತಿ ಕ್ಯಾಸೆಟ್ಟೂ ಶಾವಿಗೆ ಪಾಯಸವೂ

“ಟೀವಿ ಅಂದ್ರೆ ಏನು ಅಂತ ಈ ಭಾನುವಾರ ನಿಮಗೆಲ್ಲ ತೋರಿಸಿಕೊಡ್ತೀನಿ!” ಎಂದು ವಾದಿರಾಜರು ಹನುಮಂತನಗರದ ತಮ್ಮ ಮನೆಯ ಹಾಲಿನಲ್ಲಿ ನಿಂತು ಘೋಷಿಸಿದರು. ಅವರ ಹೆಂಡತಿ ವಿನುತಾ ಹುರುಳಿಕಾಯಿಯ ನಾರು ತೆಗೆಯುತ್ತ, ತೆರೆಯ ಮೇಲೆ ಅಳುತ್ತಿದ್ದ ಸೊಸೆಯೊಬ್ಬಳನ್ನು ನೋಡುತ್ತಿದ್ದರು.

“ಮತ್ತೆ ಇದೇನ್ರೀ? ರೇಡಿಯೋನಾ?”

“ಇದು ಟೀವಿ ಅಲ್ಲ, ಕೊಳಾಯಿ! ತಿರುಗಿಸಿದ್ರೆ ಬರೀ ನೀರು. ಧಾರಾವಾಹಿ ಅಂತೆ! ಅಶ್ರುಧಾರಾವಾಹಿ! ಬ್ರಿಟಿಷ್ ಟೀವಿ ನೋಡ್ಬೇಕು ನೀನು. ಅಲ್ಲಿ ನಟ ಟೀ ಕಪ್ಪು ಕೆಳಗಿಟ್ಟ ಅಂದ್ರೆ ಒಂದು ಸಾಮ್ರಾಜ್ಯ ಉರುಳಿತು ಅಂತ ಅರ್ಥ!”

“ಕಪ್ಪು ಕೆಳಗಿಟ್ಟೋರು ತೊಳೆದೂ ಇಡ್ತಾರಾ?” ಎಂದರು ವಿನುತಾ, ಗಂಡ ಬೆಳಿಗ್ಗೆ ಸೋಫಾದ ಪಕ್ಕ ಬಿಟ್ಟಿದ್ದ ಲೋಟವನ್ನು ನೋಡುತ್ತ.

ವಾದಿರಾಜರು ಬಸವನಗುಡಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟರು. ೧೯೮೨ರಲ್ಲಿ ಮೂರು ತಿಂಗಳ ತರಬೇತಿಗೆಂದು ಲೀಡ್ಸಿಗೆ ಹೋಗಿದ್ದಾಗ, ಬಾಡಿಗೆಗಿದ್ದ ಮನೆಯ ಒಡತಿಯ ಜೊತೆ ಕೂತು ಟೀವಿ ನೋಡಿದ್ದರು. ಅದಾಗಿ ಎರಡು ದಶಕ ಕಳೆದರೂ ಅವರ ಕಣ್ಣು ಮಾತ್ರ ಇನ್ನೂ ಲೀಡ್ಸಿನಿಂದ ವಾಪಸು ಬಂದಿರಲಿಲ್ಲ. ಈಗ ಕಾಲೇಜಿನಲ್ಲಿ ಹೊಸದಾಗಿ ಮಾಧ್ಯಮ ಕೋರ್ಸು ಶುರುವಾಗುವುದರಲ್ಲಿತ್ತು. ಅದರ ಮುಖ್ಯಸ್ಥರಾಗಲು ತಮ್ಮನ್ನು ಬಿಟ್ಟರೆ ಯಾರೂ ಇಲ್ಲವೆಂಬುದು ವಾದಿರಾಜರ ವಾದ. ಪ್ರಿನ್ಸಿಪಾಲ್ ಧರ್ಮರಾಜು ಮಾತ್ರ ತಲೆ ಕೆರೆದುಕೊಂಡಿದ್ದರು.

“ಅಲ್ಲಾ ವಾದಿರಾಜ್, ಮಾತೆತ್ತಿದ್ರೆ ಬ್ರಿಟಿಷ್ ಟೀವಿ ಅಂತೀರಿ. ಈಗ ಅಲ್ಲೂ ಮಟ್ಟ ಇಳಿದುಹೋಗಿದೆ ಅಂತ ಎಲ್ಲೋ ಓದಿದೆನಲ್ರೀ?”

“ಸರ್! ಥೇಮ್ಸ್ ನದಿ ಬತ್ತಿದ್ರೂ ಬತ್ತಬಹುದು, ಬ್ರಿಟಿಷ್ ಟೀವಿ ಮಟ್ಟ ಇಳಿಯಲ್ಲ! ಭಾನುವಾರ ಮೇಡಮ್ಮನ್ನೂ ಕರ್ಕೊಂಡು ಮನೆಗೆ ಬನ್ನಿ. ಪುರಾವೆ ಸಮೇತ ತೋರಿಸ್ತೀನಿ.”

ಪುರಾವೆ ಆಗಲೇ ಮನೆಯಲ್ಲಿತ್ತು. ವಿನುತಾರ ತಮ್ಮ ಸಂಕರ್ಷಣ ಲೆಸ್ಟರ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದ. “ಅಲ್ಲಿ ಈಗ ಜನ ಮುಗಿಬಿದ್ದು ನೋಡೋ ಕಾರ್ಯಕ್ರಮ ರೆಕಾರ್ಡ್ ಮಾಡಿ ಕಳಿಸಪ್ಪಾ” ಎಂದು ಭಾವ ಫೋನಿನಲ್ಲಿ ಅಪ್ಪಣೆ ಕೊಡಿಸಿದ್ದರು. ಊರಿಗೆ ಬರುವವರೊಬ್ಬರ ಕೈಯಲ್ಲಿ ಅವನು ಕ್ಯಾಸೆಟ್ಟು ಕಳಿಸಿದ್ದ. ವಾದಿರಾಜರು ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ!

“ಮೊದ್ಲು ಒಂದ್ಸಲ ಹಾಕಿ ನೋಡ್ಬಿಡ್ರೀ” ಎಂದರು ವಿನುತಾ.

“ಗಂಗಾಜಲಾನ ಯಾರಾದ್ರೂ ಕುದಿಸಿ ಕುಡೀತಾರೇನೇ?”

ಭಾನುವಾರ ಸಂಜೆ ಗವಿಪುರದಿಂದ ಧರ್ಮರಾಜು ದಂಪತಿ ಬಂದರು. ವಾದಿರಾಜರ ಅತ್ತೆ ಕಲ್ಯಾಣಮ್ಮ ಕನ್ನಡಕ ಒರೆಸಿಕೊಂಡು ಮುಂದಿನ ಕುರ್ಚಿಯಲ್ಲೇ ಕೂತರು. ವಾದಿರಾಜರು ಬ್ರಿಟಿಷ್ ಸಂಯಮ, ಬ್ರಿಟಿಷ್ ಸಂಭಾಷಣೆ, ಬ್ರಿಟಿಷ್ ಮೌನ ಎಂದು ಪೀಠಿಕೆ ಹಾಕಿ, ಬಾಡಿಗೆಗೆ ತಂದಿದ್ದ ಪ್ಲೇಯರಿಗೆ ಕ್ಯಾಸೆಟ್ಟು ತುರುಕಿ, ಯುದ್ಧದಲ್ಲಿ ಗೆದ್ದವರಂತೆ ರಿಮೋಟು ಹಿಡಿದು ನಿಂತರು.

ತೆರೆಯ ಮೇಲೆ ಒಂದು ಕೋಣೆ. ಸಾಲು ಮಂಚಗಳು. ಮಂಚದ ಮೇಲೆ ಜನ. ಎಲ್ಲರೂ ನಿದ್ದೆ ಮಾಡುತ್ತಿದ್ದರು.

ಸ್ವಲ್ಪ ಹೊತ್ತಾಯಿತು. ಇನ್ನೂ ನಿದ್ದೆ ಮಾಡುತ್ತಿದ್ದರು!

“ಪಾಪ, ಮೈ ಸರಿಯಿಲ್ವೇನೋ” ಎಂದರು ಕಲ್ಯಾಣಮ್ಮ. “ಆಸ್ಪತ್ರೆ ಕಥೇನಾ ಅಳಿಯಂದ್ರೇ?”

“ಅಲ್ಲತ್ತೆ. ಇದು... ಸಾಂಕೇತಿಕ. ನಿದ್ರಿಸುತ್ತಿರುವ ಸಮಾಜ.”

ಆಗ ಸಮಾಜದ ಒಬ್ಬ ಸದಸ್ಯ ಎದ್ದು ಕೂತು, ಕ್ಯಾಮೆರಾದ ಕಡೆ ತಿರುಗಿ, ನೆಮ್ಮದಿಯಾಗಿ ಕಂಕುಳು ಕೆರೆದುಕೊಳ್ಳತೊಡಗಿದ.

“ಇದು ಯಾವುದರ ಸಂಕೇತ?” ಎಂದು ಧರ್ಮರಾಜು ಗಂಭೀರವಾಗಿ ಕೇಳಿದರು.

“ಅಸ್ತಿತ್ವದ ಕಿರಿಕಿರಿ, ಸರ್” ಎಂದುಬಿಟ್ಟರು ವಾದಿರಾಜರು. ಟೀ ಕಪ್ಪು ಎಲ್ಲಿ? ಸಾಮ್ರಾಜ್ಯ ಎಲ್ಲಿ? ಹಿನ್ನೆಲೆಯಲ್ಲಿ ಒಂದು ಧ್ವನಿ ವಿವರಿಸಿತು: ಇವರನ್ನೆಲ್ಲ ಒಂದೇ ಮನೆಯಲ್ಲಿ ಕೂಡಿಹಾಕಿದ್ದಾರೆ, ನೋಡುವ ಜನ ಫೋನ್ ಮಾಡಿ ಒಬ್ಬರನ್ನು ಹೊರಗೆ ಹಾಕುತ್ತಾರೆ. ಅಷ್ಟರಲ್ಲಿ ಬಚ್ಚಲುಮನೆಯ ಬಾಗಿಲು ತೆರೆಯಿತು. ಒಬ್ಬಳು ಹುಡುಗಿ ಟವೆಲ್ ಸುತ್ತಿಕೊಂಡು ಬಂದು, ಕಂಕುಳಿನವನ ಜೊತೆ ಜಗಳಕ್ಕೆ ನಿಂತಳು. ಟವೆಲ್ಲು ಅವಳ ಮಾತಿಗಿಂತ ಬೇಗ ಜಾರುವ ಸೂಚನೆ ಕಂಡಿತು!

ವಾದಿರಾಜರು ಹಾರಿದರು. ಹೆಗಲ ಮೇಲಿದ್ದ ಶಲ್ಯವನ್ನು ಟೀವಿಯ ಮೇಲೆ ಹೊದಿಸಿ, ಎರಡೂ ಕೈ ಚಾಚಿ ಅಡ್ಡ ನಿಂತರು.

“ಪಕ್ಕಕ್ಕೆ ಸರೀರಿ ಅಳಿಯಂದ್ರೇ!” ಎಂದು ಕಲ್ಯಾಣಮ್ಮ ಗದರಿದರು. “ಯಾರನ್ನ ಹೊರಗೆ ಹಾಕ್ತಾರೆ ನೋಡೋಣ.”

ಧರ್ಮರಾಜು ಚಾವಣಿಯ ಫ್ಯಾನನ್ನು ದಿಟ್ಟಿಸುತ್ತಿದ್ದರು. ಅವರ ಶ್ರೀಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕಣ್ಣು ಮಾತ್ರ ಮುಚ್ಚಿರಲಿಲ್ಲ. ವಾದಿರಾಜರು ಫಾರ್ವರ್ಡ್ ಗುಂಡಿ ಒತ್ತಿದರು. ಗರಗರ ಸದ್ದಾಯಿತು. ಶಲ್ಯದ ಹಿಂದೆ ಆ ಇಡೀ ಮನೆ ಓಡಿಹೋಯಿತು. ಮುಂದೆ ಬೇರೆ ಕಾರ್ಯಕ್ರಮ ಶುರುವಾಗಿ, ಶಲ್ಯದೊಳಗಿಂದ ಏನೋ ಹಸಿರು ಹಸಿರಾಗಿ ಕಂಡಿತು. ಕಾಡು! ಶಲ್ಯ ತೆಗೆದರು.

“ನೋಡಿ ಸರ್, ಪ್ರಕೃತಿ! ವನ್ಯಜೀವಿ ಅಂದ್ರೆ ಬ್ರಿಟಿಷರನ್ನ ಮೀರಿಸೋರಿಲ್ಲ.”

ವಿನುತಾ ಅದೇ ಹೊತ್ತಿಗೆ ಬಿಸಿಬಿಸಿ ಶಾವಿಗೆ ಪಾಯಸ ತಂದು ಎಲ್ಲರ ಕೈಗೂ ಕೊಟ್ಟರು. ಧರ್ಮರಾಜು ಒಂದು ಚಮಚ ತುಂಬಿಕೊಂಡು ಬಾಯಿಯ ಹತ್ತಿರ ತಂದರು. ತೆರೆಯ ಮೇಲೆ ಮರದ ಕೆಳಗೆ ಕೂತಿದ್ದ ಒಬ್ಬ ಮಹಾಶಯನ ಮುಂದೆಯೂ ಒಂದು ಬಟ್ಟಲಿತ್ತು. ಅದರಲ್ಲಿದ್ದುದೂ ಬೆಳ್ಳಗೆ, ಉದ್ದಕ್ಕೆ, ನುಣ್ಣಗಿತ್ತು.

ಅದು ಮಿಸುಕಿತು.

ಮಹಾಶಯ ಅದನ್ನು ಎತ್ತಿ, ಕಣ್ಣು ಮುಚ್ಚಿ, ಬಾಯಿಗೆ ಹಾಕಿಕೊಂಡು ಅಗಿದ!

ಧರ್ಮರಾಜು ಚಮಚವನ್ನು ನೋಡಿದರು. ತೆರೆಯನ್ನು ನೋಡಿದರು. ಮತ್ತೆ ಚಮಚವನ್ನು ನೋಡಿದರು. ಅವರ ಶ್ರೀಮತಿ “ಅಯ್ಯಯ್ಯಪ್ಪಾ!” ಎಂದು ಬಟ್ಟಲು ಕೆಳಗಿಟ್ಟು ಹಿತ್ತಲ ಕಡೆ ಓಡಿದರು. ವಾದಿರಾಜರು ಪ್ಲೇಯರಿನ ವೈರು ಹಿಡಿದು ಎಳೆದರು. ಯಾವ ಸಂಕೇತವೂ ಅವರಿಗೆ ಹೊಳೆಯಲಿಲ್ಲ.

“ಬರ್ತೀವಿ ವಾದಿರಾಜ್” ಎಂದಷ್ಟೇ ಹೇಳಿ ಧರ್ಮರಾಜು ಹೆಂಡತಿಯನ್ನು ಕರೆದುಕೊಂಡು ಹೊರಟರು. ಪಾಯಸದ ಪಾತ್ರೆ ಹಾಗೇ ಉಳಿಯಿತು.

ಅವರು ಗೇಟು ದಾಟುವುದೇ ತಡ, ವಾದಿರಾಜರು ಲೆಸ್ಟರಿಗೆ ಫೋನು ತಿರುಗಿಸಿದರು.

“ಸಂಕರ್ಷಣಾ! ಏನಪ್ಪಾ ಕಳಿಸಿದೀಯ? ಮಾನ ಹೋಯ್ತು!”

“ಜನ ಮುಗಿಬಿದ್ದು ನೋಡೋದು ಬೇಕು ಅಂದಿದ್ದು ನೀವೇ ಅಲ್ವಾ ಭಾವ? ಇಲ್ಲಿ ಎಲ್ಲರೂ ನೋಡೋದು ಈ ಕೂಡಿಹಾಕೋ ಆಟ, ಹುಳ ತಿನ್ನೋ ಪಂದ್ಯಾನೇ.”

“ನಾನಿದ್ದಾಗ ಹೀಗಿರಲಿಲ್ಲ ಕಣೋ! ಇಷ್ಟು ಕೆಳಗಿಳೀತಾ ಮಟ್ಟ?”

“ಕಸ ಆಗ್ಲೂ ಇತ್ತು ಭಾವ. ನಿಮ್ಮ ಮನೆ ಓನರಮ್ಮ ಕಸ ಬಂದ ತಕ್ಷಣ ಟೀವಿ ಆರಿಸ್ತಿದ್ರೋ ಏನೋ.”

ವಾದಿರಾಜರಿಗೆ ಲೀಡ್ಸಿನ ಆ ಸಂಜೆಗಳು ನೆನಪಾದವು. ಆ ಮುದುಕಿ ದಿನವೂ ಒಂದು ನಾಟಕ ಮುಗಿದ ಕೂಡಲೇ ಟೀವಿ ಆರಿಸಿ, ‘ಗುಡ್ ನೈಟ್ ಮಿಸ್ಟರ್ ರಾಜ್’ ಎಂದು ಮಹಡಿಗೆ ಕಳಿಸುತ್ತಿದ್ದಳು! ಇಷ್ಟು ವರ್ಷ ಅವರು ಹಾಡಿ ಹೊಗಳಿದ್ದು ಬ್ರಿಟನ್ನಿನ ಅಭಿರುಚಿಯನ್ನಲ್ಲ, ಒಬ್ಬ ಹೆಂಗಸಿನ ಅಭಿರುಚಿಯನ್ನು. ಸಂಜೆಯ ಆಘಾತಗಳಲ್ಲೆಲ್ಲ ಇದೇ ದೊಡ್ಡದು.

ಸೋಮವಾರ ಪ್ರಿನ್ಸಿಪಾಲರಿಂದ ಕರೆ ಬಂತು. ಕೋರ್ಸಿಗೆ ಎಳ್ಳುನೀರು ಬಿಟ್ಟೇ ವಾದಿರಾಜರು ಒಳಗೆ ಹೋದರು. ಧರ್ಮರಾಜು ಎದ್ದು ಬಾಗಿಲು ಹಾಕಿಕೊಂಡರು. ಚಿಲಕವನ್ನೂ ಹಾಕಿದರು.

“ಸರ್, ನಿನ್ನೆ ಆಗಿದ್ದಕ್ಕೆ...”

“ಅದಿರಲಿ ಬಿಡಿ. ಕೋರ್ಸು ನೀವೇ ನೋಡ್ಕೊಳ್ಳಿ, ಬೇರೆ ಯಾರೂ ಸಿಕ್ತಿಲ್ಲ.” ಧರ್ಮರಾಜು ದನಿ ತಗ್ಗಿಸಿದರು. “ಕರೆದಿದ್ದು ಬೇರೆ ವಿಷಯಕ್ಕೆ. ನೀವು ಅದನ್ನ ಓಡಿಸಿಬಿಟ್ರಲ್ಲ... ಕೊನೆಗೆ ಆ ಟವೆಲ್ ಹುಡುಗೀನ ಹೊರಗೆ ಹಾಕಿದ್ರಂತಾ? ನಮ್ಮ ಮನೆಯವರು ರಾತ್ರಿಯಿಂದ ತಲೆ ತಿಂತಿದಾರೆ.”

“ಎಲ್ಲಿ ಸರ್! ಅವಳು ಉಳಿದುಕೊಂಡ್ಳು! ಹೊರಗೆ ಹೋಗಿದ್ದು ಆ ಕೆರ್ಕೊಳ್ಳೋನು!”

ಮಾತು ಬಾಯಿಂದ ಹೊರಬಿದ್ದ ಮೇಲೆ ವಾದಿರಾಜರಿಗೆ ತಾವು ಹೇಳಿದ್ದೇನೆಂದು ಕೇಳಿಸಿತು. ಧರ್ಮರಾಜು ಕನ್ನಡಕ ತೆಗೆದು ಅವರನ್ನೇ ನೋಡಿದರು.

“ಅಂದ್ರೆ... ಆಮೇಲೆ ಪೂರ್ತಿ ನೋಡಿದ್ರಾ?”

“ಎರಡು ಸಲ ಸರ್” ಎಂದರು ವಾದಿರಾಜರು ನೆಲ ನೋಡುತ್ತ. “ಒಂದು ಸಲ ಮಾತ್ರ ನಮ್ಮತ್ತೆಗೋಸ್ಕರ.”