ಯಾರೂ ನಪಾಸಾಗದ ಸಂದರ್ಶನ

ಆ ದೊಡ್ಡ ತಂತ್ರಜ್ಞಾನ ಕಂಪನಿಯ ಮಾರಾಟ ವಿಭಾಗದ ಸಂದರ್ಶನದಲ್ಲಿ ಇದುವರೆಗೆ ಒಬ್ಬರೂ ನಪಾಸಾಗಿಲ್ಲ. ಇದು ಕಂಪನಿಯೇ ಹೊರಡಿಸಿದ ಪ್ರಕಟಣೆಯ ಮಾತು, ಸಂಪೂರ್ಣ ನಿಜವೂ ಹೌದು. ಹಾಗಾದರೆ ಪಾಸಾದವರೆಷ್ಟು ಎಂದು ಕೇಳುವ ವಕ್ರಬುದ್ಧಿಯವರು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರನ್ನು ಬಿಟ್ಟುಬಿಡೋಣ.

ಟೈಲರ್ ಅಂಗಡಿಯ ಮನೆ ಅಳಿಯ ಆ ಕೆಲಸಕ್ಕೆ ಅರ್ಜಿ ಹಾಕಿದ್ದು ಬೇರೆ ಮನೆ ಮಾಡುವ ಆಸೆಯಿಂದ. ಮದುವೆಯಾದಾಗಿನಿಂದ ಗಂಡ ಹೆಂಡತಿ ಮಾವನ ಹೊಲಿಗೆ ಯಂತ್ರದ ಹಿಂದೆ, ಪರದೆ ಕಟ್ಟಿದ ಮೂಲೆಯಲ್ಲಿ ಸಂಸಾರ ಹೂಡಿದ್ದರು. ಗಿರಾಕಿಗಳು ಪ್ಯಾಂಟು ಹಾಕಿ ನೋಡುವುದೂ ಅದೇ ಪರದೆಯ ಹಿಂದೆ. ಔಷಧಿ ಅಂಗಡಿಯ ಮಹಡಿಯ ಮೇಲೊಂದು ಮನೆ ಖಾಲಿಯಿತ್ತು. ಅದರ ಮಾಲೀಕರದ್ದು ಒಂದೇ ಷರತ್ತು, ಕಂಪನಿಯ ಗುರುತಿನ ಚೀಟಿ ತೋರಿಸಬೇಕು.

ಸಂದರ್ಶನದ ನಿಯಮ ಸ್ಪಷ್ಟವಾಗಿತ್ತು. 'ಅಭ್ಯರ್ಥಿಯ ಸಾಮರ್ಥ್ಯವನ್ನು ಅಣಕು ಗ್ರಾಹಕನ ಮೇಲೆ ಪರೀಕ್ಷಿಸತಕ್ಕದ್ದಲ್ಲ. ಗ್ರಾಹಕನು ನಿಜವಾಗಿರತಕ್ಕದ್ದು, ಹಣವೂ ನಿಜವಾಗಿರತಕ್ಕದ್ದು.' ಮಾರಬೇಕಾದದ್ದು, ಯಾವ ಗಿರಾಕಿ ಮತ್ತೆ ಬರುತ್ತಾನೆ, ಯಾವನು ಬರುವುದಿಲ್ಲ ಎಂದು ಮೊದಲೇ ಹೇಳುವ ಸಾಫ್ಟ್‌ವೇರ್. ಮೊದಲ ಸುತ್ತಿನಲ್ಲಿ ಅದನ್ನು ಹತ್ತಿರದವರಿಗೆ ಮಾರಬೇಕು. ಅಳಿಯ ಮಾವನಿಗೆ ಮಾರಿದ. ಎರಡನೆಯದರಲ್ಲಿ ತನ್ನನ್ನು ಕಂಡರಾಗದವರಿಗೆ ಮಾರಬೇಕು. ಅದಕ್ಕೆ ಷಡ್ಡಕ ಇದ್ದೇ ಇದ್ದ. ಮೂರನೆಯ ಸುತ್ತಿನಲ್ಲಿ, ಒಮ್ಮೆ ಕೊಂಡು ಕೈ ಸುಟ್ಟುಕೊಂಡವರಿಗೆ ಮತ್ತೆ ಮಾರಬೇಕು. ಅಳಿಯ ತಲೆ ತಗ್ಗಿಸಿಕೊಂಡು ಪುನಃ ಮಾವನ ಮುಂದೆ ನಿಂತ.

ಮಾವ ಅಷ್ಟರಲ್ಲಿ ಬದಲಾಗಿದ್ದರು. ಹೊಲಿಯಲು ಕೊಟ್ಟಿದ್ದ ಕೋಟು ಕೇಳಿಕೊಂಡು ಬಂದ ಗಿರಾಕಿಗೆ ಅವರು ಕಂಪ್ಯೂಟರ್ ನೋಡಿ, "ನೀವು ಬರಲ್ಲ ಅಂತ ಇದೆಯಲ್ಲ, ಅದಕ್ಕೇ ಹೊಲಿದಿಲ್ಲ" ಎಂದಿದ್ದರು. ಗಿರಾಕಿ ಸಿಟ್ಟಾಗಿ ಹೋದವನು ಮತ್ತೆ ಬರಲಿಲ್ಲ. ಸಾಫ್ಟ್‌ವೇರ್ ಹೇಳಿದ್ದು ಚಾಚೂ ತಪ್ಪದೆ ನಡೆಯಿತೆಂದು ಮಾವನಿಗೆ ಭಕ್ತಿಯೇ ಹುಟ್ಟಿ, ಅದರ ಸುಧಾರಿತ ಆವೃತ್ತಿಯನ್ನೂ ಕೊಂಡರು.

ಅಳಿಯನನ್ನು ಗಾಜಿನ ಕೋಣೆಗೆ ಕರೆದರು. ಮೇಜಿನಾಚೆ ಕೂತಿದ್ದ ಅಧಿಕಾರಿಣಿ ಅವನನ್ನು ಮನಸಾರೆ ಹೊಗಳಿದರು. ಫಲಿತಾಂಶ ಯಾವಾಗ ಬರುತ್ತದೆಂದು ಅವನು ವಿನಯದಿಂದ ಕೇಳಿದ.

"ನಂದೇ ಇನ್ನೂ ಬಂದಿಲ್ಲಪ್ಪ. ಇಲ್ಲಿ ಕೂತು ಸಂದರ್ಶನ ಮಾಡೋದು ನನ್ನ ಆರನೇ ಸುತ್ತು."

"ಹಾಗಾದ್ರೆ ಮಾರಾಟ ವಿಭಾಗದಲ್ಲಿ ನೌಕರರು ಯಾರು ಮೇಡಂ?"

"ಮಾರಾಟ ಚೆನ್ನಾಗೇ ನಡೀತಿದೆಯಲ್ಲ. ನೌಕರರು ಯಾಕೆ?"

ಅಳಿಯ ಹೊರಡಲು ಎದ್ದ. ಆದರೆ ಕಂಪನಿ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಅವನ ಫೋಟೋ ಅಂಟಿಸಿದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿದರು. ಹೆಸರಿನ ಕೆಳಗೆ 'ಕಾಯಂ ಅಭ್ಯರ್ಥಿ' ಎಂದಿತ್ತು. ಹೆಂಡತಿ ಅದನ್ನು ಅಂಗೈಯಿಂದ ಒರೆಸಿ ಒರೆಸಿ ನೋಡಿದಳು. ಆ ಸಂಜೆಯೇ ಇಬ್ಬರೂ ಮನೆ ಮಾಲೀಕರ ಬಳಿ ಹೋದರು.

ಮಾಲೀಕರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಸಂದರ್ಶನದ ಕ್ರಮವನ್ನು ಒಂದೊಂದಾಗಿ ವಿಚಾರಿಸಿದರು.

"ಎಂಥಾ ಒಳ್ಳೆ ಪದ್ಧತಿ. ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ. ನೀವು ಈ ತಿಂಗಳಿಂದ ಬಾಡಿಗೆ ಕೊಡ್ತಾ ಬನ್ನಿ, ಅದು ಮೊದಲನೇ ಸುತ್ತು. ಬೀಗದ ಕೈ, ನೀವು ಆಯ್ಕೆಯಾದ ಮೇಲೆ."

ಹೆಂಡತಿ ಗಂಡನ ಮುಖ ನೋಡಿದಳು.

"ನಪಾಸು ಮಾಡಲ್ಲ ತಾನೇ?" ಎಂದ ಅಳಿಯ.

"ಛೆ ಛೆ, ಯಾರನ್ನೂ ಮಾಡಲ್ಲ."

ಮುಂಗಡ ಕೊಟ್ಟು ಇಬ್ಬರೂ ನೆಮ್ಮದಿಯಿಂದ ಅಂಗಡಿಗೆ ಮರಳಿದರು. ಪರದೆಯ ಹಿಂದೆ ಯಾರೋ ಪ್ಯಾಂಟು ಹಾಕಿ ನೋಡುತ್ತಿದ್ದುದರಿಂದ ಸ್ವಲ್ಪ ಹೊತ್ತು ಹೊರಗೇ ನಿಂತರು.