ಸೋಬಾನೆ ಪದಕ್ಕೆ ನಾನು ಹೊಳಪು ಕೊಟ್ಟಿದ್ದು

ಮಗ್ಗದ ಮೋಟರು ಕೆಟ್ಟರೆ ಮೆಕ್ಯಾನಿಕ್ಕಿಗೆ ಕಾಯದೆ ನಾನೇ ಬಿಚ್ಚುತ್ತೇನೆ. ಆಮೇಲೆ ಮೆಕ್ಯಾನಿಕ್ಕನ್ನು ಕರೆಸುತ್ತೇನೆ, ಅದು ಬೇರೆ ವಿಷಯ. ಯಂತ್ರವೆಂದರೆ ನನಗೆ ಭಯವಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ಹಾಗಾಗಿ ನನ್ನ ಹೆಂಡತಿ ಜಯಮ್ಮನ ಹಾಡು ರೆಕಾರ್ಡ್ ಮಾಡುವ ಸಂದರ್ಭ ಬಂದಾಗ, ಸ್ಟುಡಿಯೋಗೆ ಹೋಗೋಣ ಎಂದವರನ್ನೆಲ್ಲ ಕನಿಕರದಿಂದ ನೋಡಿದೆ.

ಆಗಿದ್ದಿಷ್ಟು. ನನ್ನ ಬಾಮೈದ ನಾಗರಾಜನ ಮಗಳು ಕಾವ್ಯಳಿಗೆ ತ್ಯಾಮಗೊಂಡ್ಲು ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ನೆಲಮಂಗಲದಲ್ಲಿ ಛತ್ರ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಸೋದರತ್ತೆ ಜಯಮ್ಮನೇ. ಕಾವ್ಯ ಅವಳನ್ನು ಕೇಳಿದ್ದು ಒಂದೇ.

"ಅತ್ತೆ, ಒಡವೆ ಗಿಡವೆ ಏನೂ ಬೇಡ. ಧಾರೆ ಹೊತ್ತಲ್ಲಿ ನಿನ್ ಸೋಬಾನೆ ಪದ ಕೇಳಿಸ್ಬೇಕು, ಅಷ್ಟೆ."

ಜಯಮ್ಮ ಆಗಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು. "ಆ ಹೊತ್ತಲ್ಲಿ ನಂಗೆ ಗಂಟಲು ಕಟ್ಕೊಳುತ್ತೆ ಕಣವ್ವ. ಹಾಡಕ್ಕಾಗಲ್ಲ."

"ಅದಕ್ಯಾಕೆ ಅಳ್ತೀಯ?" ಎಂದು ನಾನು ನಡುವೆ ಬಾಯಿ ಹಾಕಿದೆ. "ಈಗ್ಲೇ ಹಾಡು, ನಾನು ರೆಕಾರ್ಡ್ ಮಾಡ್ತೀನಿ. ಅವತ್ತು ಮೈಕ್‌ಸೆಟ್‌ನಲ್ಲಿ ಹಾಕ್ಸಿದ್ರಾಯ್ತು!"

ಯಾರೂ ನನ್ನನ್ನು ಕೇಳಿರಲಿಲ್ಲ. ದಯವಿಟ್ಟು ಇದನ್ನು ಗಮನಿಸಬೇಕು.

ಮಗ್ಗ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮೈಕು ಸಿಕ್ಕಿಸಿದೆ. ಜಯಮ್ಮ ಕೈ ತಟ್ಟುತ್ತಾ ಹಾಡಿದಳು. ಆಹಾ, ಏನು ಕಂಠ! ಆದರೆ ಲ್ಯಾಪ್‌ಟಾಪಿನಲ್ಲಿ ಹಾಕಿ ಕೇಳಿದರೆ ಹಾಡು ಯಾಕೋ ಮಂಕು. ತಾಳಕ್ಕೆ ಸರಿಯಾಗಿ ಅವಳ ಗಾಜಿನ ಬಳೆ ಘಲ್ ಎನ್ನಬೇಕಿತ್ತಲ್ಲ, ಆ ಸದ್ದೇ ಇಲ್ಲ! ಮದುವೆಯಾದ ಹೊಸತರಲ್ಲಿ ಅವಳು ಅಡುಗೆಮನೆಯಲ್ಲಿ ಕೈ ಆಡಿಸಿದರೆ ನಡುಮನೆಗೆ ಕೇಳಿಸುತ್ತಿತ್ತು. ಈಚೀಚೆಗೆ ಕೇಳಿಸುತ್ತಲೇ ಇರಲಿಲ್ಲ. ಗಾಜಿನ ಕ್ವಾಲಿಟಿಯೇ ಇಳಿದಿದೆ ಎಂದು ಬಳೆ ಅಂಗಡಿಯವನ ಹತ್ತಿರ ಜಗಳ ಕೂಡ ಆಡಿ ಬಂದಿದ್ದೆ.

ಇದಕ್ಕೆ ಪರಿಹಾರವನ್ನು ವಿಡಿಯೋದಲ್ಲಿ ಒಬ್ಬ ತರುಣ ಹೇಳಿಕೊಟ್ಟ. ಹಾಡು ಮಂಕಾಗಿದ್ದರೆ ಈಕ್ವಲೈಜರ್ ತೆಗೆದು, ಹೈ ಫ್ರೀಕ್ವೆನ್ಸಿಯನ್ನು, ಅಂದರೆ ಚೂಪು ಸದ್ದುಗಳನ್ನು ಒಂಚೂರು ಏರಿಸಬೇಕಂತೆ. ಹಾಡಿಗೆ ಹೊಳಪು ಬರುತ್ತದಂತೆ. "ಉಪ್ಪು ಹಾಕಿದ ಹಾಗೆ, ಚಿಟಿಕೆ ಸಾಕು. ಮತ್ತೆ, ನಿಮ್ಮ ಕಿವಿಯೊಂದನ್ನೇ ನಂಬಬೇಡಿ, ನಾಲ್ಕು ಜನಕ್ಕೆ ಕೇಳಿಸಿ" ಎಂದೂ ಅವನು ಹೇಳಿದ.

ಚಿಟಿಕೆ ಏರಿಸಿದೆ. ಬಳೆ ಕೇಳಿಸಲಿಲ್ಲ. ಹಿಡಿ ಏರಿಸಿದೆ. ಊಹೂಂ! ಪರದೆಯ ಮೇಲಿನ ಏರಿಸುವ ಕಡ್ಡಿಯನ್ನು ತುದಿಯವರೆಗೂ ತಳ್ಳಿದೆ. ಹೊಳಪು ಎಲ್ಲೋ ದೂರದಲ್ಲಿ ಇಣುಕಿ ನೋಡಿ ಹೋಯಿತು. ಅಲ್ಲಿಗೆ ಸಾಮಾನ್ಯ ಮನುಷ್ಯ ನಿಲ್ಲಿಸುತ್ತಿದ್ದ. ನಾನು ಅದನ್ನು ಸೇವ್ ಮಾಡಿ, ಅದೇ ಹಾಡನ್ನು ಮತ್ತೆ ತೆರೆದು, ಇನ್ನೊಂದು ಸಲ ಮೊದಲಿನಿಂದ ಏರಿಸಿದೆ!

ಗುರುವಾಕ್ಯ ಮೀರಬಾರದೆಂದು ಎದುರುಮನೆ ರಾಮಣ್ಣನನ್ನೂ ಅಕ್ಕಪಕ್ಕದವರನ್ನೂ ಕರೆದು ಕೂರಿಸಿ ಕೇಳಿಸಿದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರದ್ದೂ ಮಗ್ಗದ ಮನೆಯೇ.

"ಒಂಚೂರು ಮಂಕೈತೆ ಗುರು. ಇನ್ನೂ ಏರ್ಸು!" ಎಂದ ರಾಮಣ್ಣ. ಉಳಿದವರು ತಲೆಯಾಡಿಸಿದರು.

ಏರಿಸಿದೆ. ಬಾಗಿಲಲ್ಲಿ ಮಲಗಿದ್ದ ನಾಯಿ ಕುಂಯ್ ಎಂದು ಎದ್ದು ಓಡಿಹೋಯಿತು. ಅದಕ್ಕೇನೋ ಬೇರೆ ಕೆಲಸವಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಜಯಮ್ಮ ಮುಖ ಅರಳಿಸಿ, "ರೀ, ಈಗ ಬಳೆ ಕೇಳಿಸ್ತೈತೆ ನೋಡ್ರೀ!" ಎಂದಳು. ನನ್ನ ಎದೆ ಉಬ್ಬಿತು. ಹಾಡನ್ನು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ.

ಮದುವೆಯ ದಿನ ಬಂತು. ಧಾರೆಗೆ ಮದುಮಕ್ಕಳು ನಿಂತರು. ನಾನು ಗಂಭೀರವಾಗಿ ಮೈಕ್‌ಸೆಟ್ಟಿನವನಿಗೆ ಕೈ ಸನ್ನೆ ಮಾಡಿದೆ.

ಹಾಡು ಶುರುವಾಯಿತು. ಬಲಗಡೆ ಕೂತಿದ್ದ ನಮ್ಮ ಬೀದಿಯವರು ತಲೆದೂಗಿದರು. ಎಡಗಡೆ ಕೂತಿದ್ದ ಗಂಡಿನ ಕಡೆಯವರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು! ಮಕ್ಕಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಅಜ್ಜಿಯೊಬ್ಬರು ಕಿವಿಯಿಂದ ಮಿಷನ್ನು ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಪುರೋಹಿತರು ಮಂತ್ರ ಮರೆತು ಮೇಲೆ ನೋಡಿದರು.

ಹುಡುಗನ ಚಿಕ್ಕಪ್ಪ ಎದ್ದು ನಿಂತು ಕೂಗಿದರು. "ಏನ್ರೀ ಇದು, ಛತ್ರದೊಳ್ಗೆ ಗರಗಸ ಹಾಕ್ತಾ ಇದೀರಾ?"

ರಾಮಣ್ಣ ಪಂಚೆ ಎತ್ತಿ ಕಟ್ಟಿದ. "ನಮ್ ಹೆಣ್ಮಗಳು ಹಾಡಿದ್ರೆ ಕಿವಿ ಮುಚ್ಕೋತೀರಾ? ಇದೇನಾ ನಿಮ್ ಮರ್ಯಾದೆ?"

"ಹೆಣ್ಮಗಳಾ? ಇದ್ರಲ್ಲಿ ಮನುಷ್ಯರು ಎಲ್ಲವ್ರೆ?"

ಅಷ್ಟೇ! ನಮ್ಮವರೂ ಎದ್ದರು, ಅವರೂ ಎದ್ದರು. ನಾಗರಾಜ ಎರಡೂ ಕಡೆಗೆ ಕೈ ಮುಗಿಯುತ್ತಾ ಗಿರಗಿರ ತಿರುಗಿದ. ಮದುಮಗಳ ಪಕ್ಕ ನಿಂತಿದ್ದ ಜಯಮ್ಮನ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೂ ರೋಷ ಉಕ್ಕಿತು. ಹಾಡಿನ ರುಚಿ ಗೊತ್ತಿಲ್ಲದ ಜನ ಎಂದು ನಾನೂ ಪಂಚೆಗೆ ಕೈ ಹಾಕಿದೆ.

ಆಗ ಮದುಮಗಳೇ ಕಿವಿ ಮುಚ್ಚಿಕೊಂಡು ಕೂಗಿದಳು. "ಮಾವ! ಅವ್ರದ್ದೇನೂ ತಪ್ಪಿಲ್ಲ! ಕೆಟ್ಟಿರೋದು ನಿಮ್ ಕಿವಿ!"

"ನನ್ ಕಿವಿಗೇನಾಗೈತೆ?"

"ನಿಮ್ಮೊಬ್ರದ್ದೇ ಅಲ್ಲ, ಇಡೀ ಬೀದೀದು! ಮಗ್ಗದ ಸದ್ದಲ್ಲಿ ಕೂತೂ ಕೂತೂ ಚೂಪು ಸದ್ದು ನಿಮಗ್ಯಾರಿಗೂ ಕೇಳಿಸಲ್ಲ. ಓದಕ್ಕಂತ ಹಾಸ್ಟೆಲ್‌ನಲ್ಲಿದ್ದಿದ್ದಕ್ಕೆ ನನ್ ಕಿವಿ ಉಳ್ಕೊಂಡೈತೆ. ಮೊದ್ಲು ಅದನ್ನ ನಿಲ್ಸಿ ಮಾವ, ನಿಮ್ ದಮ್ಮಯ್ಯ!"

ಮೈಕ್‌ಸೆಟ್ಟಿನವನು ವೈರನ್ನೇ ಕಿತ್ತ. ಛತ್ರ ತಣ್ಣಗಾಯಿತು.

ಪಂಚೆಯ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿದೆ. ನಾಲ್ಕು ಜನಕ್ಕೆ ಕೇಳಿಸು ಅಂದಿದ್ದಕ್ಕೆ ನಾಲ್ಕು ಜನ ಕೆಪ್ಪರನ್ನು ಹುಡುಕಿ ತಂದಿದ್ದೆನಲ್ಲ! ಪಾಪ, ಆ ಬಳೆ ಅಂಗಡಿಯವನಿಗೆ ಎಷ್ಟೊಂದು ಬೈದಿದ್ದೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ತಾಯಿಯಿಲ್ಲದ ಮಗು ಕೇಳಿದ್ದು ಒಂದೇ ಒಂದು ಹಾಡು, ಅದನ್ನೂ ನಾನು ಹಾಳು ಮಾಡಿದ್ದೆ.

"ಮುಹೂರ್ತ ಮೀರುತ್ತೆ, ಬೇಗ" ಎಂದರು ಪುರೋಹಿತರು.

ಕಾವ್ಯ ಜಯಮ್ಮನ ಕಡೆ ತಿರುಗಿದಳು. "ಅತ್ತೆ, ನೀನೇ ಹಾಡು. ಗಂಟಲು ಕಟ್ಟಿದ್ರೆ ಕಟ್ಲಿ."

ಜಯಮ್ಮ ಹಾಡಿದಳು. ಗಂಟಲು ಕಟ್ಟಿಯೇ ಕಟ್ಟಿತು. ಮೊದಲ ಸಾಲು ಅರ್ಧಕ್ಕೇ ನಿಂತಿತು. ಕಾವ್ಯ ಕೈ ಹಿಡಿದುಕೊಂಡಳು, ಎರಡನೇ ಸಾಲು ಎದ್ದು ಬಂತು ನೋಡಿ! ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಕಂಠ ಅದು, ಮೈಕಿನ ಹಂಗಿಲ್ಲದೆ ಹಿಂದಿನ ಸಾಲಿಗೂ ಮುಟ್ಟಿತು. ಗಂಡಿನ ಕಡೆಯ ಹೆಂಗಸರು ದನಿಗೂಡಿಸಿದರು. ಕಾವ್ಯ ಅಳುತ್ತಾ ನಗುತ್ತಾ ಧಾರೆಗೆ ಕೈ ಒಡ್ಡಿದಳು. ರಾಮಣ್ಣ ಚಿಕ್ಕಪ್ಪನವರ ಪಕ್ಕದಲ್ಲೇ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ನನ್ನ ಕಣ್ಣೂ ತುಂಬಿತ್ತು, ಸುಳ್ಳೇಕೆ ಹೇಳಲಿ.

ಊಟದ ಪಂಕ್ತಿಯಲ್ಲಿ ತ್ಯಾಮಗೊಂಡ್ಲಿನ ಹಿರಿಯರೊಬ್ಬರು ನನ್ನ ಪಕ್ಕ ಕೂತರು.

"ಸೌಂಡ್ ಮಾಡ್ಸಿದ್ದು ನೀವೇ ಅಂತಲ್ಲಪ್ಪ? ಮೊದ್ಲು ಹಾಕಿದ್ದು ಬಿಡಿ. ಆಮೇಲ್ ಬಂತಲ್ಲ, ಎಷ್ಟು ಇಂಪಾಗಿತ್ತು! ಏನ್ ಮಾಡಿದ್ರಿ?"

ಹೋದ ಮಾನದಲ್ಲಿ ಒಂದಿಷ್ಟಾದರೂ ವಾಪಸ್ ಬರಲಿ ಎಂದು, ತಲೆ ತಗ್ಗಿಸಿ ವಿನಯದಿಂದ ಹೇಳಿದೆ. "ಹೆಚ್ಚೇನಿಲ್ಲ ಯಜಮಾನ್ರೇ. ವೈರ್ ಕಿತ್ತೆ, ಅಷ್ಟೆ."

"ಅದೂ ಇವ್ರು ಕಿತ್ತಿದ್ದಲ್ಲ" ಎಂದಳು, ಪಾಯಸದ ಬಕೆಟ್ ಹಿಡಿದು ಹಿಂದೆ ನಿಂತಿದ್ದ ಜಯಮ್ಮ.

ಪಿಸುಮಾತಿನಲ್ಲೇ ಹೇಳಿದಳು. ನನ್ನ ಕೆಟ್ಟ ಕಿವಿಗೆ ಅದೊಂದು ಮಾತು ಸ್ಪಷ್ಟವಾಗಿ ಕೇಳಿಸಿತು!