ಉಪಾಧ್ಯಕ್ಷೆಯ ಸೌತೆಕಾಯಿ

ಯಾರೂ ಕೊಡದ ಪದವಿಯನ್ನು ವಿನಯದಿಂದ ಬೇಡವೆನ್ನುವುದು ಬಹಳ ಕಷ್ಟದ ಕೆಲಸ. ಅದಕ್ಕಾಗಿ ನಾನು ಒಂದು ವಾರ ಅಭ್ಯಾಸ ಮಾಡಿದ್ದೆ. ಲೀಡ್ಸಿನ ನಮ್ಮ ಕನ್ನಡ ಸಂಘಕ್ಕೆ ನನ್ನ ಹೆಂಡತಿ ಸರೋಜ ವರ್ಷಗಟ್ಟಲೆ ಉಪಾಧ್ಯಕ್ಷೆಯಾಗಿದ್ದಳು. ಚಳಿಗಾಲದಲ್ಲಿ ತೀರಿಕೊಂಡಳು. ವಾರ್ಷಿಕ ಸಭೆ ಹತ್ತಿರವಾದಾಗ ಅಧ್ಯಕ್ಷರಾದ ಡಾಕ್ಟರ್ ಶೆಟ್ಟರು ಫೋನ್ ಮಾಡಿ, "ನೀವು ಬರಲೇಬೇಕು ಮಾರಾಯ್ರೆ, ನಿಮ್ಮ ಹತ್ರ ಒಂದು ಸಣ್ಣ ವಿಷಯ ಉಂಟು" ಎಂದರು. ನನಗೆ ಅರ್ಥವಾಗದೆ? ಹೆಂಡತಿಯ ಕುರ್ಚಿ ಗಂಡನಿಗೆ. ಕನ್ನಡಿಯ ಮುಂದೆ ನಿಂತು, "ಅವಳ ಜಾಗವನ್ನು ಯಾರೂ ತುಂಬಲಾರರು, ಅದು ಖಾಲಿಯೇ ಇರಲಿ" ಎಂದು ಗಂಟಲು ತುಂಬಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಗಂಟಲು ತುಂಬುವುದಕ್ಕೆ ಮಾತ್ರ ಅಭ್ಯಾಸ ಬೇಕಾಗಲಿಲ್ಲ.

ನಮ್ಮಲ್ಲಿ ಚುನಾವಣೆ ಊಟಕ್ಕೆ ಮುಂಚೆ. ಅಧ್ಯಕ್ಷರು ಒಂದು ಹೆಸರು ಹೇಳುತ್ತಾರೆ, ಹಸಿದವರೆಲ್ಲ ಕೈ ಎತ್ತುತ್ತಾರೆ. ನಾನು ಕೋಟಿನ ಗುಂಡಿ ಹಾಕಿಕೊಂಡು ಏಳಲು ಸಿದ್ಧನಾದೆ. ಶೆಟ್ಟರು, "ಉಪಾಧ್ಯಕ್ಷೆಯಾಗಿ ರೆಹಾನಾ" ಎಂದರು.

ರೆಹಾನಾ ಗದಗದ ಹುಡುಗಿ, ಹತ್ತಿರದ ಹಡರ್ಸ್‌ಫೀಲ್ಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಇಷ್ಟು ದಿನ ಆ ಕುರ್ಚಿಯಲ್ಲಿ ಸ್ವಂತ ಮನೆ, ಅದರ ಮೇಲೆ ಮಾರ್ಟ್‌ಗೇಜ್ ಸಾಲ ಇದ್ದವರೇ ಕೂತಿದ್ದರು. ನನ್ನ ಹಿಂದೆ ಕೂತಿದ್ದ ಸದಸ್ಯ ಮೂರ್ತಿ, "ಸ್ಟೂಡೆಂಟಾ? ವೀಸಾ ಮುಗಿದ್ರೆ ಸಂಘಾನೇ ಬಿಟ್ಟು ಹೋಗ್ತಾಳಲ್ರೀ! ನೀವಾದ್ರೂ ಬೇಡ ಅನ್ನಿ ಸಾರ್, ನಿಮ್ಮ ಮಾತು ಯಾರೂ ಮೀರಲ್ಲ" ಎಂದು ಪಿಸುಗುಟ್ಟಿದ. ನಿಜ, ನಾನು ಬೇಡವೆಂದರೆ ಮುಗಿಯಿತು. ಬೇಡವೆನ್ನಲೇ ಬಂದವನು ನಾನು. ಆದರೆ ಕಲಿತ ಮಾತನ್ನೆಲ್ಲ ಕುರ್ಚಿಯಲ್ಲೇ ಬಿಟ್ಟು ಎದ್ದು ಹೋಗಿ ಸಭಾಂಗಣದ ಹಿಂಬದಿಯಲ್ಲಿ ಅಡುಗೆಮನೆಯ ಪಕ್ಕದ ಗೋಡೆಗೆ ಒರಗಿ ನಿಂತೆ.

ಒಳಗಿನಿಂದ ರೆಹಾನಾ ಬಂದಳು. ವೇದಿಕೆಯ ಕಡೆ ನೋಡಲೂ ಇಲ್ಲ.

"ಸರ, ಹಿಂಗ್ಯಾಕ ಗ್ವಾಡಿ ಹಿಡಕೊಂಡು ನಿಂತೀರಿ? ತಗೋರಿ, ಸೌತಿಕಾಯಿ ಹೆಚ್ಚರಿ."

ಕೈಗೆ ಚಾಕು ಬಂತು, ಮುಂದೆ ಮಣೆ ಬಂತು.

"ನಂಗೆ ಹೆಚ್ಚೋಕೆ ಬರಲ್ಲಮ್ಮ."

"ನನಗೂ ಬರ್ತಿದ್ದಿಲ್ರಿ. ಬಂದ ಮೊದಲನೇ ದಿನ ಇದ ಗ್ವಾಡಿಗೆ ನಿಂತು ಅಳಾಕತ್ತಿದ್ದೆ. ಸರೋಜ ಆಂಟಿ ಏನೂ ಕೇಳಲಿಲ್ಲ, ಚಾಕು ಕೊಟ್ರು. ಒಬ್ರ ನಿಂತೋರಿಗೆಲ್ಲಾ ಸೌತಿಕಾಯಿ ಕೊಡೋದು ಅವರ ಪದ್ಧತಿ ಅಲ್ಲೇನ್ರಿ? ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಪ್ರತಿ ಸಲವೂ ಸಂಘದ ಊಟದಲ್ಲಿ ಕೋಸಂಬರಿ ರಾಶಿ ಉಳಿಯುತ್ತಿತ್ತು. ನಮ್ಮ ಫ್ರಿಜ್ ತುಂಬ ಐಸ್‌ಕ್ರೀಮ್ ಡಬ್ಬಗಳಲ್ಲಿ ಅದೇ. "ತಿನ್ನೋರ ಲೆಕ್ಕ ನೋಡಿ ಮಾಡಬಾರದೇನೆ?" ಎಂದು ಗೊಣಗಿಕೊಂಡೇ ನಾನು ತಿನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅವಳ ಲೆಕ್ಕ ತಿನ್ನುವವರದ್ದಲ್ಲ, ಗೋಡೆಗೆ ನಿಂತವರದ್ದು. ಇಷ್ಟು ವರ್ಷ ಜೊತೆಗಿದ್ದ ನನಗೆ ಕಾಣದ್ದನ್ನು ಈ ಹುಡುಗಿ ಒಂದೇ ದಿನದಲ್ಲಿ ಕಲಿತಿದ್ದಳು. ಶೆಟ್ಟರ ಆಯ್ಕೆಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಕಣ್ಣು ಒರೆಸಿಕೊಂಡೆ. ಸುತ್ತ ಒಂದಾದರೂ ಈರುಳ್ಳಿ ಇದ್ದಿದ್ದರೆ ತಪ್ಪನ್ನು ಅದರ ಮೇಲೆ ಹಾಕಬಹುದಿತ್ತು.

"ಒಪ್ಪಿಗೆ ಇದ್ದವರು ಕೈ ಎತ್ತಿ" ಎಂದರು, ಅಷ್ಟು ಹೊತ್ತೂ ವೇದಿಕೆಯಲ್ಲಿ ಅವಳ ಪರಿಚಯ ಮಾಡಿಕೊಡುತ್ತಿದ್ದ ಶೆಟ್ಟರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಥಟ್ಟನೆ ಕೈ ಎತ್ತಿದೆ. ಚಾಕು ಕೈಯಲ್ಲೇ ಇತ್ತು. ಮೂರ್ತಿ ಅದನ್ನೊಮ್ಮೆ ನೋಡಿ ತಾನೂ ಎತ್ತಿದ. ಸರ್ವಾನುಮತ.

ಊಟದ ಹೊತ್ತಿಗೆ ಶೆಟ್ಟರು ಹತ್ತಿರ ಬಂದು, "ಆ ಸಣ್ಣ ವಿಷಯ ಹೇಳ್ಲಿಕ್ಕೇ ಮರ್ತೆ. ಸಂಘದ ದೊಡ್ಡ ಕುಕ್ಕರ್ ನಿಮ್ಮ ಗ್ಯಾರೇಜಿನಲ್ಲಿ ಉಂಟಲ್ಲ, ಅದೊಂದು ಬೇಕಿತ್ತು" ಎಂದರು. ಹೊಸ ಉಪಾಧ್ಯಕ್ಷೆ ನನ್ನ ಮಣೆಯನ್ನು ಪರೀಕ್ಷಿಸಿ, "ಸರ, ಇದು ಕೋಸಂಬರಿಗೆ, ಮನಿ ಕಟ್ಟಾಕಲ್ಲ" ಎಂದಳು.

ಹೊರಡುವಾಗ ಅವಳು ಐಸ್‌ಕ್ರೀಮ್ ಡಬ್ಬಗಳನ್ನು ಚೀಲಕ್ಕೆ ತುಂಬಿ ಕಳಿಸಿದಳು. ಬುಧವಾರದವರೆಗೂ ಕೋಸಂಬರಿಯನ್ನೇ ತಿಂದೆ. ಹೋಳುಗಳು ನಿಜಕ್ಕೂ ಇಟ್ಟಿಗೆಯಂತಿದ್ದವು. ಗೊಣಗಲು ಬಾಯಿ ತೆರೆದೆ. ಹೆಚ್ಚಿದವನು ನಾನೇ ಎಂದು ನೆನಪಾಗಿ, ಇನ್ನೊಂದು ಚಮಚ ಹಾಕಿಕೊಂಡೆ.